ಫರಹೀನ ಬರೆಯದ ಚೀಟಿ

ಗುರುವಾರ ಬೆಳಿಗ್ಗೆ ಫರಹೀನ ಅಂಗಡಿಯ ಶಟರ್ ಎತ್ತಿ ಇನ್ನೂ ಕಸ ಗುಡಿಸುತ್ತಿದ್ದಳು. ಅಷ್ಟರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಗಂಟೊಂದನ್ನು ಮೇಜಿನ ಮೇಲೆ ಧಪ್ಪನೆ ಇಟ್ಟಳು. ಆಕೆಯ ಹಿಂದೆ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ, ಬಿಳಿ ಅಂಗಿಯ ಮುದುಕನೊಬ್ಬ ಬಾಗಿಲಲ್ಲೇ ನಿಂತಿದ್ದ.

“ಫರಹೀನ ಅಂದ್ರ ನೀನ ಏನು?”

“ಹೌದ್ರಿ. ಬರ್ರಿ, ಕುಂದರ್ರಿ.”

“ಕುಂದ್ರಾಕ ಬಂದಿಲ್ಲ. ಇವ್ರು ಎರಡ ವರ್ಷ ಕುಂತ ಕಟ್ಟಿದ ವಿಮಾನ ಮಣ್ಣಪಾಲಾತು. ನಿನ್ನ ಕೈಬರಹ ನಂಬಿ ಕೆಟ್ಟಿವಿ. ಅದನ್ನ ಕೇಳಾಕ ಬಂದೀನಿ.”

ಫರಹೀನಳಿಗೆ ತಲೆಬುಡ ತಿಳಿಯಲಿಲ್ಲ. ಗಂಟು ಬಿಚ್ಚಿದಳು. ಒಳಗೆ ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ಇಂಜಿನ್ನು, ಮೈತುಂಬ ಒಣಗಿದ ಕೆಸರು. ಅದರ ಜೊತೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದ ಚೀಟಿಯಲ್ಲಿ ನೀಲಿ ಅಕ್ಷರ: ‘ಪಕಡ ಚಲೋ ಐತಿ. ತಗೋಬಹುದು. ಫರಹೀನ, ನಿಪ್ಪಾಣಿ.’

ಅಕ್ಷರ ಅವಳದೇ. ಆದರೆ ಆ ಚೀಟಿಯನ್ನು ಅವಳು ಬರೆದಿರಲಿಲ್ಲ.

ಅಂಗಡಿ ಮೊದಲು ಅವಳ ತಂದೆ ಹಸನಸಾಬನದು. ತಂಬಾಕಿನ ಹೊಲಗಳಿಗೆ ಔಷಧ ಹೊಡೆಯುವ ಪಂಪುಗಳ ಇಂಜಿನ್ನು ರಿಪೇರಿ ಮಾಡುತ್ತ ಅವನು ನಲವತ್ತು ವರ್ಷ ಅಲ್ಲಿ ಕೂತಿದ್ದ. ಫರಹೀನ ಶಾಲೆ ಬಿಟ್ಟ ಮೇಲೆ ಪಿಸ್ಟನ್ ತೊಳೆಯುವುದರಿಂದ ಶುರುಮಾಡಿ, ಮದುವೆಯಾಗಿ ಅದೇ ಊರಿನಲ್ಲಿ ಉಳಿದ ಮೇಲೂ ಕೆಲಸ ಬಿಡಲಿಲ್ಲ. ತಂದೆಯ ಕಣ್ಣು ಮಂಜಾದಾಗ ಮೇಜು ಅವಳದಾಯಿತು. ಆರು ವರ್ಷದ ಹಿಂದೆ ಒಬ್ಬ ಡಾಕ್ಟರು ಆಟದ ಕಾರಿನ ನೈಟ್ರೋ ಇಂಜಿನ್ನೊಂದನ್ನು ತಂದು, “ಕೊಲ್ಲಾಪುರದಾಗ ಯಾರಿಗೂ ತಿಳೀಲಿಲ್ಲ, ನೋಡವ್ವಾ” ಎಂದಿದ್ದ. ಅಂದಿನಿಂದ ಮಾದರಿ ವಿಮಾನ, ಮಾದರಿ ಕಾರು ಓಡಿಸುವ ಶೋಕಿಯವರೆಲ್ಲ ಅವಳಲ್ಲಿಗೆ ಬರತೊಡಗಿದ್ದರು.

ಈ ಇಂಜಿನ್ನುಗಳು ಪೆಟ್ರೋಲು ಕುಡಿಯುವುದಿಲ್ಲ. ಮೆಥನಾಲು, ನೈಟ್ರೋ, ಔಡಲೆಣ್ಣೆ ಬೆರೆಸಿದ ಇಂಧನ ಬೇಕು. ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಪಿಸ್ಟನ್ ಓಡಾಡುವ ಹಿತ್ತಾಳೆಯ ಸ್ಲೀವು ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಹಾಗಾಗಿ ಇಂಜಿನ್ನು ತಣ್ಣಗಿದ್ದಾಗ ಕೈಯಿಂದ ತಿರುಗಿಸಿದರೆ ತುದಿಯಲ್ಲಿ ಪಿಸ್ಟನ್ ಗಪ್ಪನೆ ಹಿಡಿಯುತ್ತದೆ. ಆ ಹಿಡಿತಕ್ಕೆ ಹಸನಸಾಬ ಇಟ್ಟ ಹೆಸರು ‘ಪಕಡ’. ಕಾದಾಗ ಸ್ಲೀವು ಹಿಗ್ಗಿ ಪಿಸ್ಟನ್ನಿಗೆ ಸರಿಯಾಗಿ ಹೊಂದುತ್ತದೆ. ಸವೆದ ಇಂಜಿನ್ನಿಗೆ ಪಕಡ ಇರುವುದಿಲ್ಲ; ತಣ್ಣಗಿದ್ದಾಗ ಹೇಗೋ ಹೊತ್ತಿಕೊಂಡರೂ, ಕಾದ ಮೇಲೆ ಒತ್ತಡವೆಲ್ಲ ಪಕ್ಕದಿಂದ ಸೋರಿ ಇಂಜಿನ್ನು ನಿಂತುಹೋಗುತ್ತದೆ.

ಬಾಗಿಲಲ್ಲಿದ್ದ ಮುದುಕ ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಸರು ಲಗಮಪ್ಪ, ದಿಗ್ಗೇವಾಡಿಯವನು. ರಾಯಬಾಗದ ಹೈಸ್ಕೂಲಿನಲ್ಲಿ ಕರಕುಶಲದ ಮಾಸ್ತರನಾಗಿ ನಿವೃತ್ತನಾಗಿದ್ದ. ಬೈಯುತ್ತಿದ್ದವಳು ಅವನ ಹೆಂಡತಿ ಸಕ್ಕುಬಾಯಿ.

“ಹಗುರ ಕಟಗಿ ತಂದು ಒಂದೊಂದ ಪಕ್ಕೆಲುಬು ಕೊರದು ಮಾಡಿದ್ನಿರಿ,” ಎಂದ ಲಗಮಪ್ಪ ಮೆಲ್ಲಗೆ. “ರೆಕ್ಕಿ ಮ್ಯಾಲಿನ ಹಾಳಿಗೆ ಇಕೀನ ಇಸ್ತ್ರಿ ಹಾಕಿದ್ಲು. ರವಿವಾರ ಹೊಳಿದಂಡಿಗೆ ಒಯ್ದು ಹಾರಿಸಿದ್ವಿ. ಆರ ಮಿನೀಟ ಹಾರಿತ್ರಿ. ಊರ ಮಂದಿಯೆಲ್ಲಾ ನಿಂತ ನೋಡಾಕತ್ತಿತ್ತು. ಏಳನೇ ಮಿನೀಟಿಗೆ ಸಪ್ಪಳ ಸಣ್ಣಾತು. ಇಳಿಸೂಣಂತ ಹೊಳ್ಳಿಸೂದ್ರಾಗ ಪೂರಾ ಬಂದಾಗಿ ಕಬ್ಬಿನ್ಯಾಗ ಬಿತ್ತು.”

“ಒಂದ ರೆಕ್ಕಿ ಸುದ್ದಾ ಉಳೀಲಿಲ್ಲ,” ಎಂದಳು ಸಕ್ಕುಬಾಯಿ. “ಮಂದಿ ನಕ್ಕರು. ‘ಮಾಸ್ತರ, ನಿಮ್ಮ ವಿಮಾನ ಕಬ್ಬ ಕಡ್ಯಾಕ ಬಂದಿತ್ತೇನ್ರಿ’ ಅಂದ್ರು. ಇವ್ರು ಮೂರ ದಿನಾ ಊಟಾ ಮಾಡಿಲ್ಲ.”

ಫರಹೀನ ಇಂಜಿನ್ನಿನ ಕೆಸರು ತೊಳೆದಳು. ತಲೆಯ ಸುತ್ತ ತಂಪು ನೀಡುವ ಲೋಹದ ಹಲ್ಲುಗಳಲ್ಲಿ ಒಂದು, ಮೂಲೆಯಲ್ಲಿ, ಮುರಿದಿತ್ತು. ಮುರಿದ ಜಾಗ ಹೊಸದಲ್ಲ, ಮಸಿ ಹಿಡಿದಿತ್ತು. ಅದನ್ನು ನೋಡಿದ ಕೂಡಲೇ ಅವಳಿಗೆ ನೆನಪಾಯಿತು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ ತೆಗೆದು ಬೆರಳಿನಿಂದ ತಿರುಗಿಸಿದಳು. ಪಿಸ್ಟನ್ ಮೇಲೆ ಹೋಯಿತು, ಕೆಳಗೆ ಬಂತು. ತುದಿಯಲ್ಲಿ ಎಲ್ಲೂ ತಡೆಯಲಿಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ನುಣ್ಣಗೆ ಜಾರಿತು. ಪಿಸ್ಟನ್ನನ್ನು ತುದಿಗೆ ನಿಲ್ಲಿಸಿ ಹಿಂದೆ ಮುಂದೆ ಅಲುಗಿಸಿದಳು. ಕನೆಕ್ಟಿಂಗ್ ರಾಡು ಟಿಕ್ ಟಿಕ್ ಎಂದಿತು; ಅದೂ ಸವೆದಿತ್ತು.

ಅವಳು ಇಂಜಿನ್ನನ್ನು ಟವೆಲ್ಲಿನ ಮೇಲೆ ಇಟ್ಟಳು.

“ಕಾಕು, ಈ ಇಂಜಿನ್ ಎರಡ ತಿಂಗಳ ಹಿಂದ ನನ್ನ ಮೇಜಿನ ಮ್ಯಾಲ ಇತ್ತು. ಈ ಮುರದ ಹಲ್ಲ ನಾನ ಕಂಡೀನಿ. ‘ಪಕಡ ಇಲ್ಲ, ಬ್ಯಾಡ’ ಅಂತ ಬರದ ಕೊಟ್ಟಿದ್ನಿ. ನಿಮಗ ಇದನ್ನ ಕೊಟ್ಟವ್ರು ಯಾರು?”

“ಚಿಕ್ಕೋಡಿ ಹಾಲೇಶ,” ಎಂದ ಲಗಮಪ್ಪ. “ನಿಮ್ಮ ಹೆಸರ ಹೇಳೇ ಕೊಟ್ಟ. ಫರಹೀನ ಬೆರಳ ಇಟ್ಟದ್ದು ಅಂದ್ರ ಸರಕಾರಿ ಶಿಕ್ಕಾ ಇದ್ದಂಗ ಅಂದ.”

ಹಾಲೇಶ ಅವಳಿಗೆ ಹಳಬ. ಪುಣೆ, ಕೊಲ್ಲಾಪುರದ ರೇಸಿನವರು ಬಳಸಿ ಬಿಟ್ಟ ಇಂಜಿನ್ನುಗಳನ್ನು ಕೊಂಡು ತಂದು ಈ ಕಡೆಯ ಶೋಕಿಯವರಿಗೆ ಮಾರುತ್ತಿದ್ದ. ತಿಂಗಳಿಗೊಮ್ಮೆ ಚೀಲ ತುಂಬ ತಂದು ಅವಳ ಮುಂದೆ ಸುರಿಯುವನು. ಅವಳು ಒಂದೊಂದನ್ನೂ ನೋಡಿ, ಒಂದೊಂದಕ್ಕೂ ಚೀಟಿ ಬರೆದು ಕೊಡುವಳು. ಹತ್ತರಲ್ಲಿ ಮೂರೋ ನಾಲ್ಕೋ ಪಾಸಾಗುತ್ತಿದ್ದವು. ಉಳಿದವನ್ನು ಅವನು ಗುಜರಿಗೆ ಹಾಕುತ್ತಾನೆ ಎಂದೇ ಅವಳು ತಿಳಿದಿದ್ದಳು.

ಅಲ್ಲೇ ನಿಂತು ಫೋನು ಹಚ್ಚಿದಳು.

“ಅರೆ ಫರಹೀನಬಾಯಿ! ಕಾಯ್ ಮ್ಹಣತಾ, ಏನಂತೀರಿ?” ಎಂದ ಹಾಲೇಶ.

“ದಿಗ್ಗೇವಾಡಿ ಮಾಸ್ತರ್‌ಗೆ ಕೊಟ್ಟ ಇಂಜಿನ್ ಮ್ಯಾಲ ನನ್ನ ಚೀಟಿ ಹೆಂಗ ಬಂತ್ರಿ?”

ಹಾಲೇಶ ನಕ್ಕ. “ಅಯ್ಯ, ಅದಾ? ನಿಮ್ಮದ ಒಂದ ಚೀಟಿ ಫೋಟೋ ತಗದು ಪ್ರಿಂಟ್ ಹಾಕಸೇನ್ರಿ. ನಿಮ್ಮ ಹೆಸರ ನಾಕ ತಾಲೂಕಿಗೆ ಮುಟ್ಟಾಕತ್ತೈತಿ, ಪುಕಟ ಜಾಹೀರಾತು. ಖುಷಿ ಪಡೂದ ಬಿಟ್ಟು…”

“ನಾ ಬ್ಯಾಡಾ ಅಂದ ಇಂಜಿನ್ ಅದು.”

“ಮಾಸ್ತರ್‌ಗೆ ಓಡಸಾಕ ಬರಂಗಿಲ್ಲ, ಬಾಯಿ. ವಯಸ್ಸಾದವ್ರಿಗೆ ಯಾಕ ಬೇಕ ವಿಮಾನ? ಇಂಧನ ಬಿಡೂ ಸೂಜಿ ತಪ್ಪ ತಿರುವಿ ಕೆಡಿಸಿರ್ತಾರ.”

ಫೋನು ಸ್ಪೀಕರಿನಲ್ಲಿತ್ತು. ಲಗಮಪ್ಪ ತಲೆ ತಗ್ಗಿಸಿದ. ತನ್ನ ಹೆಸರು ಕದ್ದದ್ದಕ್ಕಿಂತ, ಕದ್ದು ಕೆಡವಿದ ಮೇಲೆ ಬಿದ್ದವನದೇ ತಪ್ಪು ಎನ್ನುವ ಆ ಸಲೀಸು ದನಿ ಫರಹೀನಳಿಗೆ ಸಹಿಸಲಾಗಲಿಲ್ಲ. ಫೋನು ಇಟ್ಟಳು.

ಒಳಗಿನ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಹಸನಸಾಬ ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಬೇಟಾ, ಅರ್ಧಾ ಕೆಲಸ ಅವನ ಕಡಿಂದ ಬರತೈತಿ. ಬಿಟ್ಟ ಬಿಡು,” ಎಂದ.

“ಹೆಂಗ ಬಿಡ್ಲಿ ಅಬ್ಬಾ? ನಿಮ್ಮ ನಲವತ್ತ ವರ್ಷದ ಮಾತು ಇದು, ನಂದೊಬ್ಬಾಕೀದಲ್ಲ. ನೀವು ಒಂದ ದಿನಾರ ಸವದ ಪಿಸ್ಟನ್ನಿಗೆ ಚಲೋ ಐತಿ ಅಂದೀರೇನು? ರವಿವಾರ ಶೇಡಬಾಳಕ್ಕ ಹೋಗಿ ಎಲ್ಲಾರ ಮುಂದ ಅವನ್ನ ಕೇಳ್ತೀನಿ.”

ಹಸನಸಾಬ ಅವಳ ದನಿಯ ಕಡೆ ಮುಖ ತಿರುಗಿಸಿದ. “ಹೋಗೂದಿದ್ರ ಹೋಗು. ಆದ್ರ ಒಂದ ಮಾತು. ಸಿಟ್ಟಿನ ಕೈಗೆ ಪಕಡ ತಿಳಿಯೂದಿಲ್ಲ,” ಎಂದ.

ಶೇಡಬಾಳದ ಹತ್ತಿರ, ಕಬ್ಬು ಕಡಿದು ಸಪಾಟು ಮಾಡಿದ ಹೊಲವೊಂದರಲ್ಲಿ ತಿಂಗಳಿಗೊಂದು ರವಿವಾರ ಶೋಕಿಯವರು ಸೇರುತ್ತಿದ್ದರು. ಅಥಣಿ, ಕಾಗವಾಡ, ಮಿರಜದಿಂದೆಲ್ಲ ಜನ ಬರುವರು. ಆ ರವಿವಾರ ಫರಹೀನ ತನ್ನ ಸ್ಕೂಟರಿನಲ್ಲಿ ಹೋದಳು. ಲಗಮಪ್ಪ, ಸಕ್ಕುಬಾಯಿ ಬಸ್ಸಿನಲ್ಲಿ ಬಂದರು. ಹೊಲದ ತುಂಬ ಸುಟ್ಟ ಔಡಲೆಣ್ಣೆಯ ವಾಸನೆ, ಕಾರುಗಳ ಕಿರ್ರೆನ್ನುವ ಸದ್ದು. ಬೇವಿನ ಮರದ ಕೆಳಗೆ ಹಾಲೇಶ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಆರು ಇಂಜಿನ್ನು ಸಾಲಾಗಿ ಇಟ್ಟಿದ್ದ. ಆರಕ್ಕೂ ಅವಳ ಚೀಟಿ.

ಅವಳು ಮೊದಲು ಚೀಟಿಗಳನ್ನೇ ನೋಡಿದಳು. ಹಿಂದೆ ಯಾವುದೋ ಚೀಟಿ ಬರೆಯುವಾಗ ಅವಳ ಪೆನ್ನು ಕೈಕೊಟ್ಟು ‘ನಿಪ್ಪಾಣಿ’ಯ ಕೊನೆಯಲ್ಲಿ ಶಾಯಿಯ ಬೊಟ್ಟು ಬಿದ್ದಿತ್ತು. ಆ ಬೊಟ್ಟು ಆರು ಚೀಟಿಯಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇತ್ತು.

“ಎಲ್ಲಾರೂ ಒಂದೀಟ ಇಲ್ಲಿ ಬರ್ರಿ,” ಎಂದು ಕೂಗಿದಳು. ಇಷ್ಟು ಗಂಡಸರ ನಡುವೆ ಅಷ್ಟು ಗಟ್ಟಿಯಾಗಿ ಅವಳು ಎಂದೂ ಕೂಗಿರಲಿಲ್ಲ. “ನಾನ ಫರಹೀನ. ಈ ಚೀಟಿ ನಾ ಬರದದ್ದಲ್ಲ. ಬೊಟ್ಟ ನೋಡ್ರಿ. ಮನಷ್ಯಾನ ಕೈ ಆರ ಸಲ ಒಂದ ಜಾಗಾದಾಗ ಬೊಟ್ಟ ಬಿಡ್ತೈತೇನು?”

ಇಪ್ಪತ್ತೈದು ಮೂವತ್ತು ಜನ ಸುತ್ತ ಸೇರಿದರು. ಹಾಲೇಶ ಕೈ ಮುಗಿದು ನಗುತ್ತ ಮುಂದೆ ಬಂದ. “ಚೀಟಿ ಛಾಪಿಸೇನಿ, ಖರೆ. ಅದರಾಗ ಏನ ತಪ್ಪು? ಮಾಲ ಚೊಕ್ಕ ಐತಿ. ನೀವ ತಿರುವಿ ನೋಡ್ರಿ, ಹೆಂಗ ಬಿಗಿ ಐತಿ!” ಎಂದು ಮೊದಲ ಇಂಜಿನ್ನನ್ನು ಒಬ್ಬನ ಕೈಗೆ ಕೊಟ್ಟ. ಅವನು ತಿರುಗಿಸಿ, “ಬಿಗಿ ಐತಿ, ಬಾಯಿ,” ಎಂದ.

“ಪ್ಲಗ್ ಬಿಚ್ಚಿ ನೋಡ್ರಿ,” ಎಂದಳು ಫರಹೀನ. ಪ್ಲಗ್ಗು ಬಿಚ್ಚಿ ಇಂಜಿನ್ನನ್ನು ಬೋರಲು ಹಾಕಿದಾಗ ಜೇನಿನಂಥ ದಪ್ಪ ಎಣ್ಣೆ ಬಿಳಿ ಬಟ್ಟೆಯ ಮೇಲೆ ಎಳೆ ಎಳೆಯಾಗಿ ಇಳಿಯಿತು. “ಇದು ಬಿಗಿ ಅಲ್ಲ, ಎಣ್ಣಿ. ಸವದ ಸಂದಿನ್ಯಾಗ ದಪ್ಪ ಎಣ್ಣಿ ತುಂಬಿದ್ರ ಕೈಗೆ ಬಿಗಿ ಅನಸ್ತೈತಿ. ಎರಡ ಮಿನೀಟ ಓಡಿದ್ರ ಎಲ್ಲಾ ಸುಟ್ಟ ಹೋಗ್ತೈತಿ.” ಇಂಧನದಿಂದ ಒಳಗೆಲ್ಲ ತೊಳೆದು, ಅದೇ ಮನುಷ್ಯನ ಕೈಗೆ ಮತ್ತೆ ಕೊಟ್ಟಳು. “ಈಗ ತಿರುವ್ರಿ.”

ಅವನು ತಿರುಗಿಸಿದ. ಮತ್ತೆ ತಿರುಗಿಸಿದ. “ಏನೂ ಹಿಡ್ಯಾಂಗಿಲ್ಲಲ್ಲ!” ಎಂದ.

“ಇನ್ನೊಬ್ರ ಕೈಗೆ ಕೊಡ್ರಿ. ನನ್ನ ಮಾತ ನಂಬಬ್ಯಾಡ್ರಿ, ನಿಮ್ಮ ಬೆರಳ ನಂಬ್ರಿ.”

ಎರಡನೆಯದೂ ಹಾಗೇ. ಮೂರನೆಯದನ್ನು ಸಕ್ಕುಬಾಯಿ ಕಸಿದುಕೊಂಡು ತಾನೇ ತಿರುಗಿಸಿ, “ಹಿಟ್ಟಿನ ಗಿರಣ್ಯಾಗಿನ ಹಳೇ ಚಕ್ರಾನರ ಇದಕಿಂತಾ ಬಿಗಿ ಇರ್ತೈತಿ,” ಎಂದಳು. ಕೆಲವರು ನಕ್ಕರು. ನಾಲ್ಕನೆಯದರ ಸ್ಲೀವು ಹೊರಗೆ ತೆಗೆದಾಗ ಧೂಳು ಎಳೆದ ಉದ್ದುದ್ದ ಗೀರುಗಳು ಬಿಸಿಲಿಗೆ ಮಿಂಚಿದವು.

ಐದನೆಯದು ತೊಳೆದ ಮೇಲೂ ತುದಿಯಲ್ಲಿ ಹಿಡಿಯಿತು. “ಐತಿ! ಇದರಾಗ ಐತಿ!” ಎಂದು ಯಾರೋ ಕೂಗಿದರು. ಹಾಲೇಶನ ಮುಖ ಅರಳಿತು.

ಫರಹೀನ ಅದನ್ನು ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸಿದಳು. “ಖರೇ ಪಕಡ ಮೆಲ್ಲಕ ಬರ್ತೈತಿ. ಮ್ಯಾಲ ಹ್ವಾದಂಗ ಬಿಗಿ, ಇನ್ನ ಬಿಗಿ, ಆಮ್ಯಾಲ ಗಪ್ಪ. ಇದು ಹಂಗಲ್ಲ. ಪೂರಾ ಸಡ್ಲ, ಕಡೀಕ ಒಮ್ಮೆಲೆ ಗಕ್ಕ. ಸ್ಲೀವಿನ ಬಾಯಿ ಅಮಕಿ ಸಣ್ಣ ಮಾಡ್ಯಾರ.” ಇಂಜಿನ್ನಿನ ತಲೆ ಬಿಚ್ಚಿ ಸ್ಲೀವು ಎಳೆದು ತೋರಿಸಿದಳು. ಅಂಚಿನ ಸುತ್ತ ಅಮುಕಿದ ಗುರುತು ಉಂಗುರದಂತೆ ಕೂತಿತ್ತು.

ಈಗ ಗುಂಪು ಗದ್ದಲವೆಬ್ಬಿಸಿತು. ಅಥಣಿಯ ಒಬ್ಬ, “ನನಗೂ ಹಿಂತಾದ ಕೊಟ್ಟಾನ, ಗಾಡ್ಯಾಗ ಐತಿ, ತರ್ತೀನಿ,” ಎಂದು ಓಡಿದ. ಇನ್ನೊಬ್ಬ ಹಾಲೇಶನ ಅಂಗಿಗೆ ಕೈ ಹಾಕಿದ. ಹಾಲೇಶ ಬೆವರೊರೆಸಿಕೊಳ್ಳುತ್ತ ಚೀರಿದ: “ಇಕೀಗೆ ನನ್ನ ಮ್ಯಾಲ ಸಿಟ್ಟೈತಿ! ಆರನೇದನ್ನೂ ಬಾದ, ಕೆಲಸಕ್ಕ ಬಾರದ್ದು ಅಂತಾಳ ನೋಡ್ರಿ. ದೇವರ ತಂದ ಕೊಟ್ಟ ಇಂಜಿನ್ನಿಗೂ ಬಾದ ಅಂತಾಳ!”

“ಅದನ್ನೇನ ನೋಡ್ತೀ ತಂಗಿ, ಎತ್ತಿ ಒಗಿ ಅತ್ಲಾಗ!” ಎಂದರು ಮಂದಿ.

ಫರಹೀನ ಆರನೆಯದನ್ನು ಕೈಗೆತ್ತಿಕೊಂಡಳು. ಸಿಟ್ಟಿನ ಕೈಯ ಬಗ್ಗೆ ತಂದೆ ಹೇಳಿದ ಮಾತು ನೆನಪಾಯಿತು. ಇಂಜಿನ್ನನ್ನು ಮೇಜಿನ ಮೇಲಿಟ್ಟು, ಬಾಟಲಿಯಿಂದ ನೀರು ಕುಡಿದು, ಸಿಟ್ಟು ಇಳಿಯುವವರೆಗೆ ಕಾದಳು. ಆಮೇಲೆ ತೊಳೆದು, ಪ್ಲಗ್ಗು ತೆಗೆದು ತಿರುಗಿಸಿದಳು. ಪಿಸ್ಟನ್ ಮೇಲೇರಿತು, ಮೆಲ್ಲಗೆ ಬಿಗಿಯಾಯಿತು, ತುದಿಯಲ್ಲಿ ಗಪ್ಪನೆ ಹಿಡಿದು ನಿಂತಿತು. ಬಲ ಹಾಕಿದಾಗ ಟಕ್ಕನೆ ದಾಟಿತು. ರಾಡಿನಲ್ಲಿ ಸದ್ದಿಲ್ಲ. ಬೇರಿಂಗು ರೇಷ್ಮೆಯಂತೆ ತಿರುಗುತ್ತಿತ್ತು.

‘ಬಾದ’ ಎಂದರೆ ಮುಗಿಯಿತು. ಯಾರೂ ಮತ್ತೆ ನೋಡುತ್ತಿರಲಿಲ್ಲ. ಹಾಲೇಶನಿಗೆ ಅದು ತಕ್ಕದ್ದೂ ಆಗಿತ್ತು. ಆ ಎರಡಕ್ಷರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು ಎನ್ನುವುದು ಸುಳ್ಳಲ್ಲ. ಆದರೆ ಇಂಜಿನ್ನು ಯಾವ ತಪ್ಪು ಮಾಡಿತ್ತು?

“ಇದು ಚಲೋ ಐತಿ,” ಎಂದಳು. “ಹೊಸಾದಕ್ಕ ಸರಿಸಮ. ತಗೊಳ್ಳವ್ರು ಬಿನ್‌ಘೋರ, ಚಿಂತಿ ಇಲ್ಲದ ತಗೋರಿ.”

ಗದ್ದಲ ನಿಂತುಹೋಯಿತು. ಅಂಗಿಗೆ ಕೈ ಹಾಕಿದ್ದವನು ಕೈ ಬಿಟ್ಟ. ಗುಂಪಿನಲ್ಲಿ ಅದುವರೆಗೆ ಬಾಯಿ ಬಿಡದಿದ್ದ ಮಿರಜದ ಹಳೆಯ ಶೋಕಿಯವನೊಬ್ಬ ಇಂಜಿನ್ನು ಇಸಿದುಕೊಂಡು ತಿರುಗಿಸಿ, “ಹೋ, ಖರೇ ಐತಿ,” ಎಂದು ತಲೆದೂಗಿದ. “ಹಂಗಾದ್ರ ಉಳದ ಐದೂ ಬಾದ ಅಂದದ್ದು ಖರೇನ.”

ಆ ಮಾತಿನ ಮೇಲೆ ಹಾಲೇಶ ವಾದಕ್ಕೆ ನಿಲ್ಲಲಿಲ್ಲ. ಲಗಮಪ್ಪನ ಹತ್ತಿರ ಹೋಗಿ ಇಂಜಿನ್ನಿನ ಬೆಲೆ ಅವನ ಕೈಗಿಟ್ಟು, “ತಪ್ಪಾತ್ರಿ ಮಾಸ್ತರ,” ಎಂದ. ಲಗಮಪ್ಪ ನೋಟುಗಳ ಕಡೆ ನೋಡಲಿಲ್ಲ. “ನನಗ ಓಡಸಾಕ ಬರಂಗಿಲ್ಲ ಅಂದ್ಯಲ್ಲಪಾ. ಮೂವತ್ತ ವರ್ಷ ಮಂದಿಗೆ ಕೈಕೆಲಸ ಕಲಿಸೀನಿ ನಾ. ನನ್ನ ಕೈ ಮ್ಯಾಲ ನನಗ ಸಂಶೆ ಬರೂವಂಗ ಮಾಡಿದಿ ನೀ. ಅದನ್ನ ಹೆಂಗ ಹೊಳ್ಳಿ ಕೊಡ್ತಿ?” ಎಂದ. ಅವನ ದನಿ ಏರಿದ್ದನ್ನು ಸಕ್ಕುಬಾಯಿ ಸಹ ಬಹಳ ವರ್ಷಗಳಿಂದ ಕೇಳಿರಲಿಲ್ಲ.

ಫರಹೀನಳಿಗೆ ಮಾತ್ರ ಹಾಲೇಶ ತಪ್ಪಾಯಿತು ಎನ್ನಲಿಲ್ಲ. ಅವಳು ಮೇಜಿನ ಮುಂದೆ ನಿಂತು, “ಚೀಟಿ ಹರೀರಿ,” ಎಂದಳು. ಎಲ್ಲರೆದುರು ಅವನು ಆರನ್ನೂ, ಚೀಲದಲ್ಲಿದ್ದ ಕಟ್ಟನ್ನೂ ಹರಿದ. ಹರಿಯುತ್ತ, ಅವಳಿಗಷ್ಟೇ ಕೇಳುವಂತೆ ಹೇಳಿದ: “ಇನ್ನ ಮ್ಯಾಲ ನಿನ್ನ ಅಂಗಡೀಗೆ ಯಾರ ಬರ್ತಾರ ನೋಡ್ತೀನಿ.”

“ನೋಡ್ರಿ,” ಎಂದಳು ಅವಳು.

ಅವನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಚೀಲಗಟ್ಟಲೆ ಬರುತ್ತಿದ್ದ ಕೆಲಸ ನಿಂತೇ ಹೋಯಿತು. ಜಗಳಗಂಟಿ ಹೆಂಗಸು ಎಂದು ಅವನು ಚಿಕ್ಕೋಡಿಯಿಂದ ಮಿರಜದವರೆಗೆ ಹೇಳಿಕೊಂಡು ಬಂದದ್ದು ಅವಳ ಕಿವಿಗೂ ಬಿತ್ತು. ಮೂರು ವಾರ ಅವಳು ಬರೀ ತಂಬಾಕಿನ ಪಂಪುಗಳನ್ನೇ ಬಿಚ್ಚಿ ಜೋಡಿಸಿದಳು. ಕದ್ದವನು ಅವನು, ಜಗಳಗಂಟಿ ತಾನು! ಪಾನಾ ಹಿಡಿದಾಗಲೆಲ್ಲ ಅದು ನೆನಪಾಗಿ ನಟ್ಟುಗಳು ಬೇಕಾದ್ದಕ್ಕಿಂತ ಬಿಗಿಯಾಗುತ್ತಿದ್ದವು. ಹಸನಸಾಬ ಕುರ್ಚಿಯಿಂದಲೇ, “ನಟ್ಟಿನ ಎಳೆ ಕಿತ್ತೀತು, ಹಗೂರಕ,” ಎನ್ನುವನು.

ಚೀಟಿ ಬರೆಯುವುದನ್ನು ಅವಳು ಬಿಟ್ಟುಬಿಟ್ಟಳು. ಇಂಜಿನ್ನು ಕೊಳ್ಳುವವರು ತಾವೇ ಬರಬೇಕು, ಅವಳು ತೊಳೆದು ಪ್ಲಗ್ಗು ಬಿಚ್ಚಿ ಕೊಟ್ಟದ್ದನ್ನು ಅವರೇ ತಿರುಗಿಸಿ ನೋಡಬೇಕು ಎಂದು ನಿಯಮ ಮಾಡಿದಳು. ಮೊದಲು ಮಿರಜದ ಆ ಹಳೆಯ ಮನುಷ್ಯ ಬಂದ. ಆಮೇಲೆ ಅವನು ಹೇಳಿದವರು ಬಂದರು. ಬಂದವರು ಹತ್ತು ನಿಮಿಷದ ಕೆಲಸಕ್ಕೆ ಒಂದು ತಾಸು ಕೂತು, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಕಲಿತು ಹೋದರು.

ದೀಪಾವಳಿ ಮುಗಿದ ಮೇಲೆ ಲಗಮಪ್ಪ, ಸಕ್ಕುಬಾಯಿ ಮತ್ತೆ ಬಂದರು. ಹೊಸ ರೆಕ್ಕೆಯ ಪಕ್ಕೆಲುಬುಗಳನ್ನು ಕೊರೆದು ಮುಗಿಸಿದ್ದಾಗಿ ಲಗಮಪ್ಪ ಹೇಳಿದ. ಅದಕ್ಕೆ ಇಂಜಿನ್ನು ಬೇಕಿತ್ತು. ಶೋಕಿಯವರು ಮಾರಲು ಬಿಟ್ಟುಹೋಗಿದ್ದ ಮೂರನ್ನು ಫರಹೀನ ಕಪಾಟಿನಿಂದ ತೆಗೆದು, ತೊಳೆದು, ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟಳು.

“ಯಾವದು ಚಲೋ, ನೀನ ಹೇಳಿಬಿಡ ತಂಗಿ,” ಎಂದ ಲಗಮಪ್ಪ.

“ಇಲ್ರಿ. ನೀವ ನೋಡ್ರಿ.”

ಅವನು ಕನ್ನಡಕ ತೆಗೆದಿಟ್ಟು ಮೂರನ್ನೂ ಒಂದೊಂದಾಗಿ ತಿರುಗಿಸಿದ. ಮೊದಲನೆಯದನ್ನು ಮತ್ತೆ ಹಿಡಿದ. ತುದಿಗೆ ತಂದು ಅಲುಗಿಸಿ, ಕಿವಿಯ ಹತ್ತಿರ ಒಯ್ದು ಕೇಳಿದ. ಹೊರಗೆ ಹೆದ್ದಾರಿಯ ಕಡೆ ಹೋಗುವ ಟ್ರಕ್ಕುಗಳ ಸದ್ದು ಕಡಿಮೆಯಾಗುವವರೆಗೆ ಕಾದ. ಸಕ್ಕುಬಾಯಿ ತಾಳಲಾರದೆ, “ಹೇಳ್ರಿ ಲಗೂನ, ಬಸ್ ಹೋಗ್ತೈತಿ,” ಎಂದಳು.

“ಮೂರನೇದು,” ಎಂದ ಲಗಮಪ್ಪ. “ಒಂದನೇದರಾಗ ಪಕಡ ಐತಿ, ರಾಡ ಸವದೈತಿ. ಎರಡನೇದು ಪೂರಾ ಸಡ್ಲ. ಮೂರನೇದು.”

ಫರಹೀನ ಮೂರನೆಯದನ್ನು ಒರೆಸಿ, ಪ್ಲಗ್ಗು ಹಾಕಿ, ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು.